ಬೀಕೋ ಮಲಗಲಿ ಎಂದು ಯೂಲಾನ್ ಅತ್ತದ್ದು

ನಮ್ಮ ಓಣಿಯ ಯೂಲಾನ್ ಅಳುವುದನ್ನೇ ಕಸುಬು ಮಾಡಿಕೊಂಡವಳು. ಯಾರ ಮನೆಯಲ್ಲಾದರೂ ಸಾವಾಗಿ, ಆ ಮನೆಯ ಮಕ್ಕಳಿಗೆ ಸರಿಯಾಗಿ ಅಳಲು ಬಾರದಿದ್ದರೆ (ಈಗ ಯಾರಿಗೆ ಬರುತ್ತದೆ ಹೇಳಿ) ಇವಳಿಗೆ ಹೇಳಿಕಳಿಸುತ್ತಾರೆ. ಬಿಳಿ ನಿಲುವಂಗಿ, ಮುಖದ ಮೇಲೆ ಇಳಿಬಿದ್ದ ಬಿಳಿ ಮುಸುಕು, ಕೈಯಲ್ಲಿ ಮೈಕು. ಶಾಮಿಯಾನದ ಬಾಗಿಲಿನಿಂದ ಶವಪೆಟ್ಟಿಗೆಯವರೆಗೆ ಮಂಡಿಯ ಮೇಲೆ ತೆವಳುತ್ತ, "ಅಪ್ಪಾ, ನಿನ್ನ ಮಗಳು ಬಂದಿದೀನಿ, ಕಣ್ಣು ಬಿಟ್ಟು ನೋಡಪ್ಪಾ" ಎಂದು ರಾಗ ಎಳೆದಳೆಂದರೆ ಪಕ್ಕದ ಬೀದಿಯಲ್ಲಿ ಹೋಗುವ ಸ್ಕೂಟರುಗಳು ನಿಲ್ಲುತ್ತವೆ. ನಮ್ಮ ಮಾದೋ ಊರಿನಲ್ಲಿ ಅವಳಿಗಿರುವಷ್ಟು ಅಪ್ಪಂದಿರು ಇನ್ನಾರಿಗೂ ಇಲ್ಲ.

ಆದರೆ ಅವಳ ಸ್ವಂತ ಅಪ್ಪ ತೀರಿಕೊಂಡಾಗ ಆದದ್ದೇ ಬೇರೆ. ಇವತ್ತು ಪುಕ್ಕಟೆ ಕೇಳಬಹುದು ಎಂದು ಇಡೀ ಓಣಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿತ್ತು. ಯೂಲಾನ್ ತುಟಿ ಪಿಟಕ್ಕೆನ್ನಲಿಲ್ಲ. ಕುರ್ಚಿ ಬಂದವೇ, ನೀರಿನ ಬಾಟಲಿ ಸಾಕೇ ಎಂದು ಓಡಾಡಿದಳು. ಅಳುವುದಕ್ಕೆ ಬೇರೆ ಊರಿನಿಂದ ಇನ್ನೊಬ್ಬಳನ್ನು ಕರೆಸಿದಳು. ಎದುರು ಸಾಲಿನಲ್ಲಿ ಬೆಳಗಿನ ತಿಂಡಿಯ ಅಂಗಡಿ ಇಟ್ಟುಕೊಂಡು ಸೋಯಾ ಹಾಲು ಕಾಯಿಸುವ ನಾನು ಬಾಯಿ ಮುಚ್ಚಿಕೊಂಡಿರುವ ಜಾತಿಯವಳಲ್ಲ. ಕೇಳಿಯೇಬಿಟ್ಟೆ.

"ಏನೇ ಇದು, ಊರಿಗೆಲ್ಲ ಅತ್ತವಳಿಗೆ ಸ್ವಂತ ಅಪ್ಪನಿಗೆ ಅಳೋಕಾಗಲ್ವಾ?"

"ಅಭ್ಯಾಸ ಇಲ್ಲ ಅಕ್ಕ," ಎಂದಳು. "ಸ್ವಂತದ್ದಕ್ಕೆ ಎಲ್ಲಿಂದ ಶುರು ಮಾಡ್ಬೇಕು ಅಂತ್ಲೇ ತಿಳೀಲಿಲ್ಲ."

ಶಾಮಿಯಾನದಲ್ಲಿ ಸುರಿಸುವ ಕಣ್ಣೀರಿನ ಗುಟ್ಟೂ ನನಗೆ ಗೊತ್ತು. ತಲೆನೋವಿಗೆ ಹಚ್ಚುವ ಪುದೀನ ಮುಲಾಮನ್ನು ಕಣ್ಣ ಕೆಳಗೆ ತೆಳ್ಳಗೆ ಸವರಿಕೊಳ್ಳುತ್ತಾಳೆ.

ಅವಳಿಗೆ ಇದ್ದದ್ದು ಒಂದು ನಾಯಿ, ಬೀಕೋ. ಅಂಟಕ್ಕಿ ಕಡುಬಿನ ಹೆಸರು. ಉದ್ದ ಬೆನ್ನು, ಗೇಣುದ್ದದ ಕಾಲು, ಎಲ್ಲಿ ಹೋದರೂ ನಾಲ್ಕು ಜನ ನಗುವಂಥ ಆಕಾರ. ಕಣ್ಣು ಬಿಟ್ಟಾಗಿನಿಂದ ಅದು ಯೂಲಾನ್ ಜೊತೆ ವ್ಯಾನಿನಲ್ಲಿ ಸಾವಿನ ಮನೆಗಳಿಗೆ ಹೋಗುತ್ತಿತ್ತು. ಅಲ್ಲಿ ಧ್ವನಿವರ್ಧಕ ಇಡುವ ಮೇಜಿನ ಕೆಳಗೆ ಅದರ ಜಾಗ. ಮೇಲೆ ಅಷ್ಟು ದೊಡ್ಡ ಗೋಳಾಟ ನಡೆದಿರುವಾಗ ಇದು ಕೆಳಗೆ ಹೊಟ್ಟೆ ಮೇಲೆ ಮಾಡಿಕೊಂಡು ಗೊರಕೆ ಹೊಡೆಯುತ್ತಿತ್ತು.

ಒಂದು ಬೆಳಿಗ್ಗೆ ಬೀಕೋಗೆ ಹಿಂಗಾಲು ಏಳಲಿಲ್ಲ. ಮುಟ್ಟಿದರೆ ಕಿರುಚುತ್ತದೆ. ಯೂಲಾನ್ ಅದನ್ನು ತರಕಾರಿ ಬುಟ್ಟಿಯಲ್ಲಿ ಮಲಗಿಸಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದಳು. ಡಾಕ್ಟರ್ ಫಾನ್ ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಆದರೆ ಸುಳ್ಳು ಧೈರ್ಯ ಹೇಳುವವನಲ್ಲ.

"ಬೆನ್ನುಮೂಳೆ ನಡುವಿನ ಬಿಲ್ಲೆ ಜರುಗಿ ನರ ಒತ್ತಿದೆ. ಕಾಲಲ್ಲಿ ಇನ್ನೂ ಸ್ಪರ್ಶ ಇದೆ, ಅದೇ ನಮ್ಮ ಪುಣ್ಯ. ಆಪರೇಷನ್ ಇಲ್ದೆ ಸರಿಹೋಗ್ಬಹುದು, ಆದ್ರೆ ಮಲಗಿದ ಜಾಗದಿಂದ ಏಳಬಾರದು. ಹಾರೋದು, ಓಡೋದು, ಸುತ್ತೋದು, ಒಂದೂ ಇಲ್ಲ. ಒದ್ದಾಡಿದ್ರೆ ಕಾಲು ಹೋಯ್ತು ಅಂತ್ಲೇ ತಿಳ್ಕೊಳ್ಳಿ."

ಮನೆಗೆ ತಂದು, ಚಕ್ಕೋತ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಸುತ್ತ ಜೋಡಿಸಿ ಬೇಲಿ ಮಾಡಿದೆವು. ಒಳಗೆ ಹಾಸಲು ಯೂಲಾನ್ ತಾನು ತೆವಳುವಾಗ ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆಗಳನ್ನೇ ಬಿಚ್ಚಿ ಹೊಲಿದಳು. ಊತಕ್ಕೆ ಒಂದು ಮಾತ್ರೆ, ನರದ ನೋವಿಗೆ ಒಂದು, ಈ ಎರಡರಿಂದ ಹೊಟ್ಟೆ ಕೆಡದಿರಲು ಇನ್ನೊಂದು. ಬೀಕೋ ಮಾತ್ರ ಮಲಗಲಿಲ್ಲ.

ಊತದ ಮಾತ್ರೆ ಹೊಟ್ಟೆಗೆ ಬಿದ್ದದ್ದೇ ತಡ, ನಾಯಿಗೆ ಬಕಾಸುರನ ಹಸಿವು, ಎಂಥದೋ ದಾಹ. ಬಟ್ಟಲುಗಟ್ಟಲೆ ನೀರು ಕುಡಿದು ಕುಡಿದು ಮಲಗಿದಲ್ಲೇ ಒದ್ದೆ. ಒದ್ದೆಯಾಯಿತೆಂದು ಅದಕ್ಕೇ ನಾಚಿಕೆ, ಜಾಗ ಬಿಟ್ಟು ಸರಿಯಲು ತೆವಳುತ್ತದೆ. ನೋವಿನ ಮಾತ್ರೆ ತಲೆಗೇರಿ ಕುಡುಕನ ಹಾಗೆ ತೂಗಾಡುತ್ತದೆ, ಗೋಡೆ ದಿಟ್ಟಿಸಿ ಕುಂಯ್‌ಗುಡುತ್ತದೆ. ಯೂಲಾನ್ ಒರೆಸುತ್ತಾಳೆ, ಹಾಸು ಬದಲಿಸುತ್ತಾಳೆ, ಮತ್ತೆ ಒರೆಸುತ್ತಾಳೆ.

"ಆ ಹಾಳು ಮಾತ್ರೆ ನಿಲ್ಲಿಸ್ಬಿಡೇ," ಎಂದೆ ನಾನು, ಎಲ್ಲ ತಿಳಿದವಳ ಹಾಗೆ.

ಆಸ್ಪತ್ರೆಗೆ ಹೋಗಿ ಕೇಳಿದರೆ ಡಾಕ್ಟರ್ ಫಾನ್ ನನ್ನನ್ನೇ ಗದರಿಕೊಂಡ. ಊತದ ಮಾತ್ರೆ ಏಕಾಏಕಿ ನಿಲ್ಲಿಸಿದರೆ ನಾಯಿಯ ಜೀವಕ್ಕೇ ಕುತ್ತಂತೆ, ಇಳಿಸುವುದಾದರೆ ಅವನೇ ಮೆಲ್ಲಗೆ ಇಳಿಸುತ್ತಾನಂತೆ. ಅದನ್ನು ಬೆಳಗಿನ ಊಟದ ಜೊತೆಗೆ ಬದಲಿಸಿದ. ನೋವಿನದ್ದರ ಅಳತೆಯನ್ನು ಸ್ವಲ್ಪ ಕಡಿಮೆ ಮಾಡಿದ. ಕುಂಯ್‌ಗುಟ್ಟುವುದು ತಗ್ಗಿತು, ಆದರೂ ನಿದ್ದೆ ಮಾತ್ರ ಇಲ್ಲ.

"ಮಾಮೂಲಿ ದಿನದಲ್ಲಿ ಇವನು ಚೆನ್ನಾಗಿ ಮಲಗೋದು ಎಲ್ಲಿ?" ಎಂದು ಮುಂದಿನ ಸಲ ಹೋದಾಗ ಡಾಕ್ಟರ್ ಕೇಳಿದ.

ಯೂಲಾನ್ ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ.

"ಸಾವಿನ ಮನೇಲಿ ಡಾಕ್ಟ್ರೇ," ಎಂದಳು. "ನಾನು ಅಳ್ತಾ ಇರುವಾಗ."

"ಹಾಗಾದ್ರೆ ಅಳಿ," ಎಂದು ಆ ಹುಡುಗ ಸಲೀಸಾಗಿ ಹೇಳಿ ಮುಂದಿನ ಬೆಕ್ಕನ್ನು ಕರೆದ.

ಅವನಿಗೇನು, ಹೇಳಿಬಿಟ್ಟ. ಬದುಕಿರುವವರ ಮನೆಯಲ್ಲಿ ಆ ರಾಗ ತೆಗೆಯುವುದು ಉಂಟೇ? ಯೂಲಾನ್ ಅಭ್ಯಾಸಕ್ಕೂ ಮನೆಯಲ್ಲಿ ಬಾಯಿ ಬಿಟ್ಟವಳಲ್ಲ, ಹೊಲದ ಕಡೆ ಹೋಗಿ ವ್ಯಾನಿನಲ್ಲಿ ಕೂತು ಹಾಡಿಕೊಳ್ಳುತ್ತಿದ್ದಳು. ಮೊದಲು ಫೋನಿನಲ್ಲಿದ್ದ ಹಳೆಯ ಧ್ವನಿಮುದ್ರಣ ಹಾಕಿ ನೋಡಿದಳು. ಬೀಕೋ ಕಿವಿ ನಿಮಿರಿಸಿ, ಒಡತಿ ಎಲ್ಲೋ ಸಾವಿನ ಮನೆಯಲ್ಲಿದ್ದಾಳೆ ಎಂದುಕೊಂಡು ಹುಡುಕಲು ಹೊರಟೇಬಿಟ್ಟಿತು. ಕ್ರೇಟು ಉರುಳಿತು, ನಾಯಿ ಕಿರುಚಿತು. ಯೂಲಾನ್ ಬಿಳಿಚಿಕೊಂಡು ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು.

ಮರುದಿನ ಮಧ್ಯಾಹ್ನ ಅವಳು ಕೆಂಪು ಕಾಗದ ಕತ್ತರಿಸಿ, ಓಣಿಯ ಪ್ರತಿ ಬಾಗಿಲಿಗೂ ಒಂದೊಂದು ಅಂಟಿಸಿಕೊಂಡು ಬಂದಳು. ಸಾವಾದ ಮನೆಯವರು ಅಕ್ಕಪಕ್ಕದವರಿಗೆ ಅಶುಭ ತಾಗದಿರಲೆಂದು ಮಾಡುವ ಮರ್ಯಾದೆ ಅದು. ಇವಳು ಸಾವಿಲ್ಲದೆಯೇ ಮಾಡಿದಳು. ಆಮೇಲೆ ಮನೆಯ ಬಾಗಿಲು ಹಾಕಿಕೊಂಡು, ಕ್ರೇಟಿನ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತು ರಾಗ ತೆಗೆದಳು. ಸಾವಿನ ಮಾತು ಒಂದೂ ಬಾರದಂತೆ ಎಚ್ಚರಿಕೆಯಿಂದ, ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿ ಎಳೆದಳು:

"ಏಳಬೇಡ ರಾಜಾ, ಏಳಬೇಡ, ಬೆಳಗಿನ ಮಾತ್ರೆ ಆಯ್ತಲ್ಲ, ಅನ್ನದ ಜೊತೆ ಕೊಟ್ಟೆನಲ್ಲ. ನೀರು ಬೇಕಾದ್ರೆ ಕುಡಿ ರಾಜಾ, ಒದ್ದೆಯಾದ್ರೆ ಆಗಲಿ ರಾಜಾ, ಒರೆಸೋಕೆ ನಾನಿದೀನಿ, ನಿನ್ನ ನಾನು ಬೈಯಲ್ಲ, ಬೈಯಲ್ಲ..."

ಬೀಕೋ ಒಮ್ಮೆ ನಿಟ್ಟುಸಿರು ಬಿಟ್ಟು, ಮೂತಿಯನ್ನು ಮಂಡಿಯ ಮೆತ್ತೆಯ ಮೇಲಿಟ್ಟು ನಿದ್ದೆಹೋಯಿತು. ನನಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು.

ಸಂತೋಷ ಸಂಜೆಯವರೆಗೆ. ಓಣಿಯಲ್ಲಿ ಕೆಂಪು ಕಾಗದ ನೋಡಿದವರು, ಗೋಳು ಕೇಳಿದವರು, ಲೆಕ್ಕ ಹಾಕಿದ್ದಾರೆ: ಯೂಲಾನ್ ಮನೆಯಲ್ಲಿ ಯಾರೋ ಹೋದರು. ಹೂವಿನ ಅಂಗಡಿಯವನು ಬಂದು ಶವಪೆಟ್ಟಿಗೆಯ ಅಳತೆ ಕೇಳಿದ. ನಮ್ಮ ವಾರ್ಡಿನ ಮುಖ್ಯಸ್ಥರಂತೂ ಚುನಾವಣೆ ಹತ್ತಿರವಿದ್ದದ್ದರಿಂದ ಯಾರು, ಏನು ಎಂದು ವಿಚಾರಿಸುವ ಗೋಜಿಗೇ ಹೋಗದೆ, ಸಾವಿನ ಮನೆಗೆ ಕಳಿಸುವ ವಾಡಿಕೆಯಂತೆ ತಂಪು ಪಾನೀಯದ ಡಬ್ಬಿಗಳನ್ನು ಗೋಪುರದ ಹಾಗೆ ಜೋಡಿಸಿದ ಶ್ರದ್ಧಾಂಜಲಿಯನ್ನು ತಮ್ಮ ಹೆಸರಿನ ಪಟ್ಟಿ ಸಮೇತ ಕಳಿಸಿಕೊಟ್ಟರು. ವಾಪಸು ಒಯ್ಯಿರಿ ಎಂದರೆ ತಂದವನು ಅದೂ ಅಶುಭ ಎಂದ. ಒಂದು ತಿಂಗಳು ನನ್ನ ಅಂಗಡಿಗೆ ಬಂದವರಿಗೆಲ್ಲ ಶ್ರದ್ಧಾಂಜಲಿಯ ಕಲ್ಲಂಗಡಿ ಶರಬತ್ತು ಪುಕ್ಕಟೆ.

ನಿಜವಾಗಿ ಕೆರಳಿದವರು ಪಕ್ಕದ ಮನೆಯ ಗಾವ್ ಅಜ್ಜ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದವರು, ಮದುವೆಯಾಗದವರು, ಮಾತ್ರೆಗಳ ಡಬ್ಬಿಯೊಂದೇ ಜೊತೆಗಾರ. ಅವರ ಮಂಚಕ್ಕೂ ಬೀಕೋನ ಕ್ರೇಟಿಗೂ ನಡುವೆ ಒಂದೇ ಗೋಡೆ.

"ಏನಮ್ಮಾ ಯೂಲಾನ್," ಎಂದು ಕೋಲು ಕುಟ್ಟಿಕೊಂಡು ಬಂದರು, "ನಾನಿನ್ನೂ ಬದುಕಿದೀನಿ, ಗೊತ್ತು ತಾನೆ?"

"ಗೊತ್ತಜ್ಜ. ನಿಮಗಲ್ಲ, ನಾಯಿಗೆ."

"ನಾಯೀನೂ ಬದುಕಿದೆಯಲ್ಲ. ಈ ಓಣೀಲಿ ಹೋಗೋ ವಯಸ್ಸಾಗಿರೋದು ನಾನೊಬ್ಬನೇ. ನಿನ್ನ ಹಾಡು ಕೇಳ್ಕೊಂಡು ಯಮದೂತರು ವಿಳಾಸ ತಪ್ಪಿ ಪಕ್ಕದ ಮನೆಗೆ ನುಗ್ಗಿದ್ರೆ ಯಾರನ್ನ ಕೇಳೋಣ?"

"ಅವರು ನಿಮ್ಮ ಬಾಯಿಗೆ ಹೆದರಿ ವಾಪಸ್ ಹೋಗ್ತಾರೆ ಬಿಡಿ ಅಜ್ಜ," ಎಂದೆ ನಾನು.

"ನೀನು ಸುಮ್ನಿರೇ. ನಿನ್ನ ಸೋಯಾ ಹಾಲಿಗೆ ನೀರು ಹಾಕೋದನ್ನ ನಾನೇನಾದ್ರೂ ಊರಿಗೆ ಸಾರಿದೀನಾ?"

ಕೊನೆಗೆ ಒಪ್ಪಂದವಾಯಿತು. ಅಜ್ಜನ ಬಾಗಿಲಿಗೆ ಒಂದರ ಬದಲು ಮೂರು ಕೆಂಪು ಕಾಗದ, ಹಾಡಿನಲ್ಲಿ ಎಲ್ಲಿಯೂ "ಅಪ್ಪಾ" ಎಂಬ ಮಾತು ಬರಕೂಡದು. ಯೂಲಾನ್ ತಲೆಯಾಡಿಸಿದಳು. ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಹಾಡು. ಪುದೀನ ಮುಲಾಮಿನ ವಾಸನೆಗೆ ಬೀಕೋ ಸೀನಿ ಬೆನ್ನು ಜಗ್ಗಿಕೊಳ್ಳುತ್ತದೆಂದು ಡಬ್ಬಿಯನ್ನು ತಂದು ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟಳು. ಬಂದ ಕೆಲಸವನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟಳು.

ಒಂದನ್ನು ಮಾತ್ರ ಬಿಡಲಾಗಲಿಲ್ಲ. ಊರಾಚೆ ಚಕ್ಕೋತದ ತೋಟದವರ ಮನೆಯ ಹಿರಿಯ, ಬಹಳ ಕಾಲ ಹಾಸಿಗೆ ಹಿಡಿದು ನರಳಿ ಹೋದವನು. ಯೂಲಾನ್ ಹಾಡಬೇಕು ಎಂದು ತಾನೇ ಹೇಳಿಹೋಗಿದ್ದನಂತೆ. ನಾಯಿಯನ್ನು ಬಿಟ್ಟು ಹೋದರೆ ಮಲಗುವುದಿಲ್ಲ. ಒಂದು ಕ್ರೇಟಿನೊಳಗೆ ಮಲಗಿಸಿ ಒಯ್ದೆವು. ನಾನು ವ್ಯಾನಿನ ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಒಂದೊಂದು ಗುಂಡಿಗೂ ಡ್ರೈವರನಿಗೆ ಶಾಪ ಹಾಕುತ್ತ ಹೋದೆ. ಅಲ್ಲಿ ಧ್ವನಿವರ್ಧಕದ ಮೇಜಿನ ಕೆಳಗೆ, ಅದರ ಹಳೆಯ ಜಾಗದಲ್ಲೇ ಇಟ್ಟು ಪಕ್ಕದಲ್ಲಿ ಕೂತೆ.

ಮನೆಯವರು ಸಾಲಾಗಿ ನಿಂತಿದ್ದರು. ಹಿರಿಯ ಮಗ, ಕಟ್ಟುಮಸ್ತಾದ ಆಳು, ಮುಖದಲ್ಲಿ ಏನೂ ಇಲ್ಲ. ಅಪ್ಪನ ಆರೈಕೆ ಮಾಡಿದವನು ಅವನೇ ಎಂದು ಯಾರೋ ಹೇಳುತ್ತಿದ್ದರು, ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡಿ ಎಂದು ಇನ್ನಾರೋ ಹೇಳುತ್ತಿದ್ದರು. ಯೂಲಾನ್ ಮುಸುಕು ಹಾಕಿಕೊಂಡು ಮಂಡಿಯೂರಿದಳು. ಮೆತ್ತೆ ಇಲ್ಲ, ಅದು ನಾಯಿಯ ಕೆಳಗಿದೆ. "ಅಪ್ಪಾ, ನಿನ್ನ ಮಗಳು ಬಂದಿದೀನಿ" ಎಂದು ಎತ್ತಿಕೊಂಡಳು.

ಮನೆಯ ಹಾಡೇ ರೂಢಿಯಾಗಿದ್ದ ಬೀಕೋಗೆ ಅದು ಬೇರೆ ಹಾಡೆನ್ನಿಸಿತೋ ಏನೋ. ತಲೆ ಎತ್ತಿತು. ಮುಂಗಾಲು ಊರಿತು. ನಾನು ಅದರ ಬೆನ್ನಿನ ಮೇಲೆ ಕೈಯಿಟ್ಟೆ, ಕೊಸರಿಕೊಂಡಿತು. ಯೂಲಾನ್ ತೆವಳುವುದನ್ನು ನಿಲ್ಲಿಸಿದಳು. ಮುಸುಕಿನೊಳಗಿಂದ ನಮ್ಮ ಕಡೆ ನೋಡುತ್ತಿದ್ದಾಳೆಂದು ಗೊತ್ತಾಯಿತು. ಮರುಗಳಿಗೆಯಲ್ಲಿ ಮೈಕಿನಿಂದ ತೋಟಕ್ಕೆಲ್ಲ ಕೇಳಿಸುವಂತೆ ಬಂತು:

"ಏಳಬೇಡ ರಾಜಾ, ಏಳಬೇಡ, ಬೆಳಗಿನ ಮಾತ್ರೆ ಆಯ್ತಲ್ಲ, ಅನ್ನದ ಜೊತೆ ಕೊಟ್ಟೆನಲ್ಲ..."

ಕೆಟ್ಟಿತು ಎಂದುಕೊಂಡೆ. ಜನ ಕಲ್ಲು ಹೊಡೆದು ಓಡಿಸುತ್ತಾರೆ, ನಾಯಿ ಹೊತ್ತುಕೊಂಡು ಯಾವ ಕಡೆ ಓಡಲಿ ಎಂದು ದಾರಿ ನೋಡುತ್ತಿದ್ದೆ. ಬೀಕೋ ಮೂತಿ ಕೆಳಗಿಟ್ಟಿತು. ಯೂಲಾನ್ ನಿಲ್ಲಿಸಲಿಲ್ಲ.

"ಒದ್ದೆಯಾದ್ರೆ ಆಗಲಿ ರಾಜಾ, ಒರೆಸೋಕೆ ನಾನಿದೀನಿ, ನಿನ್ನ ನಾನು ಬೈಯಲ್ಲ, ಬೈಯಲ್ಲ..."

ಆ ಕಟ್ಟುಮಸ್ತಾದ ಮಗ ನಿಂತಲ್ಲೇ ಕುಸಿದ. "ಬೈದೆ ಅಪ್ಪಾ, ನಾನು ಬೈದೆ," ಎಂದು ಶವಪೆಟ್ಟಿಗೆಗೆ ಹಣೆ ಹಚ್ಚಿದ. "ಒದ್ದೆ ಮಾಡ್ಕೊಂಡಾಗೆಲ್ಲ ಬೈದೆ." ಅವನ ಹಿಂದೆ ತಮ್ಮ, ತಂಗಿ, ಸೊಸೆಯರು. ಅಳಲು ಕೂಲಿಯವಳನ್ನು ಕರೆಸಿದ ಮನೆಯಲ್ಲಿ ಕೂಲಿಯವಳ ದನಿಯೇ ಕೇಳಿಸದಾಯಿತು. ಮೇಜಿನ ಕೆಳಗೆ ಬೀಕೋ ಗೊರಕೆ ಹೊಡೆಯುತ್ತಿತ್ತು.

ವಾಪಸು ಬರುವಾಗ ಅವಳು ಮುಸುಕು ತೆಗೆದಳು. ಮುಖವೆಲ್ಲ ಒದ್ದೆ, ಕಣ್ಣು ಊದಿಕೊಂಡಿದ್ದವು.

"ಮುಲಾಮು ನನ್ನ ಅಂಗಡೀಲಿದೆ," ಎಂದೆ.

"ಹೂಂ ಅಕ್ಕ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ನಮ್ಮಪ್ಪನ್ನೂ ನಾನು ಬೈದಿದ್ದೆ," ಎಂದಳು. ನಾನು ನಾಯಿಯ ಕಿವಿ ಸವರಿದೆ.

ಆಮೇಲೆ ಸುತ್ತಲ ಊರಿನವರೆಲ್ಲ ಬಂದು "ಆ ಮಾತ್ರೆ ಹಾಡೇ ಬೇಕು" ಎಂದು ಕೇಳತೊಡಗಿದರು. ಮನೆಮನೆಯ ಒಳಗುಟ್ಟು ತಿಳಿಯುವ ಶಕ್ತಿ ಯೂಲಾನ್‌ಗೆ ಒಲಿದಿದೆಯೆಂದು ಸುದ್ದಿ. ನಾಯಿಯ ಔಷಧದ ಚೀಟಿ ಅದು ಎಂದು ನಾನು ಹೇಳಿದರೂ ಯಾರೂ ನಂಬಲಿಲ್ಲ.

ಬೀಕೋ ಎದ್ದಿತು. ಮಾತ್ರೆಗಳನ್ನು ಒಂದೊಂದಾಗಿ ಇಳಿಸಿ, ಕಾಲು ಕೊಟ್ಟು ನೋಡಿ, ಡಾಕ್ಟರ್ ಫಾನ್ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಲು ಅಪ್ಪಣೆ ಕೊಟ್ಟ. ಎಡಗಾಲು ಇನ್ನೂ ಸೊಟ್ಟ ಬೀಳುತ್ತದೆ, ಮೊದಲಿಗಿಂತ ಹೆಚ್ಚು ಜನ ನಗುತ್ತಾರೆ. ಯೂಲಾನ್ ಕ್ರೇಟು ತೊಳೆದು ಬಿಸಿಲಿಗಿಟ್ಟಳು, ಬಾಗಿಲುಗಳ ಕೆಂಪು ಕಾಗದ ಕಿತ್ತಳು. ಮನೆಯಲ್ಲಿ ಹಾಡುವುದು ನಿಂತಿತು.

ಕೆಲವು ದಿನ ಕಳೆದು ಗಾವ್ ಅಜ್ಜ ನನ್ನ ಅಂಗಡಿಯ ಮುಂದೆಯೇ ಯೂಲಾನ್‌ಳನ್ನು ತಡೆದರು. ಕಣ್ಣು ಗುಳಿಬಿದ್ದಿದ್ದವು.

"ಏನಮ್ಮಾ, ಹಾಡು ನಿಂತೇಹೋಯ್ತಲ್ಲ."

"ಬೀಕೋ ಎದ್ದ ಅಜ್ಜ. ನಿಮಗೂ ತೊಂದ್ರೆ ತಪ್ಪಿತಲ್ಲ."

"ತೊಂದ್ರೆ ತಪ್ಪಿತು, ನಿದ್ದೇನೂ ತಪ್ಪಿತು." ಕೋಲಿನ ತುದಿಯಿಂದ ನೆಲ ಕೆರೆಯುತ್ತ ನಿಂತರು. "ನಂಗೂ ಮಂಡಿ ನೋವು. ನಂಗೂ ಮೂರು ಥರ ಮಾತ್ರೆ. ತಲೆ ತಿರುಗುತ್ತೆ, ಬಾಯಿ ಒಣಗುತ್ತೆ, ಕಣ್ಣು ಮುಚ್ಚಲ್ಲ. ನೀನು ಗೋಡೆ ಆಚೆ ಹಾಡ್ತಿದ್ಯಲ್ಲ, ಮಾತ್ರೆ ಆಯ್ತಲ್ಲ, ಅನ್ನದ ಜೊತೆ ಕೊಟ್ಟೆನಲ್ಲ ಅಂತ, ಆಗ ನಾನೂ ತಗೋತಿದ್ದೆ."

ನಾನು ನೀರು ಹಾಕದ ಸೋಯಾ ಹಾಲನ್ನು ಒಂದು ಲೋಟ ಬಗ್ಗಿಸಿ ಅಜ್ಜನ ಮುಂದಿಟ್ಟೆ.

"ಹಾಡ್ತೀನಿ ಅಜ್ಜ," ಎಂದಳು ಯೂಲಾನ್. "ಒಪ್ಪಂದ ನೆನಪಿದೆ, 'ಅಪ್ಪಾ' ಅನ್ನೋ ಮಾತು ಬರಲ್ಲ."

"ಅದನ್ನೇ ಹೇಳೋಕೆ ಬಂದೆ," ಎಂದರು ಅಜ್ಜ, ಅವಳ ಮುಖ ನೋಡದೆ. "ಆ ಮಾತು ಹಾಕು. ನನ್ನನ್ನ ಯಾರೂ ಹಾಗೆ ಕರೆದಿಲ್ಲ. ಸತ್ತ ಮೇಲೆ ನೀನು ಮೈಕಲ್ಲಿ ಕರೆದ್ರೆ ಕೇಳಿಸ್ಕೊಳ್ಳೋದು ಯಾರು?"

ಆ ಮಧ್ಯಾಹ್ನ ಊಟದ ಪಾತ್ರೆ ತೊಳೆಯುತ್ತಿದ್ದಾಗ ಎದುರು ಮನೆಯಿಂದ ರಾಗ ಕೇಳಿಸಿತು. "ಅಪ್ಪಾ, ಮಾತ್ರೆ ತಗೊಂಡ್ಯೇನಪ್ಪಾ?" ಎಂದು ಯೂಲಾನ್ ಎಳೆದು ಎಳೆದು ಕೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗೋಡೆಯ ಆ ಕಡೆಯಿಂದ, ಗೊಗ್ಗರು ದನಿಯಲ್ಲಿ, "ಹೂಂ, ತಗೊಂಡೆ" ಎಂಬ ಉತ್ತರ ಬಂತು.