ಎಲ್ ಬೋರ್ಡಿನ ಫಾರ್ಕರ್

ಸ್ಕಾಟ್ಲೆಂಡಿನ ಪಡುಗಡಲಲ್ಲಿರುವ ನಮ್ಮ ಸ್ಕಾರ್‌ಸೇ ದ್ವೀಪದಲ್ಲಿ ರಸ್ತೆ ಅನ್ನುವುದು ಒಂದೇ. ದೋಣಿ ನಿಲ್ಲುವ ಧಕ್ಕೆಯಲ್ಲಿ ಶುರುವಾಗಿ, ಅಂಚೆಕಚೇರಿ, ಇಗರ್ಜಿ ದಾಟಿ, ಫಾರ್ಕರ್ ಮೆಕ್‌ಫೀಯ ಕುರಿದೊಡ್ಡಿಯ ಗೇಟಿಗೆ ಬಂದು ನಿಂತುಬಿಡುತ್ತದೆ. ಆ ರಸ್ತೆಯ ಮೇಲೆ ಈ ಮನುಷ್ಯ ನಲವತ್ತು ವರ್ಷ ಬೈಕ್ ಓಡಿಸಿದ. ಕಾನೂನಿನ ಲೆಕ್ಕದಲ್ಲಿ ಅಷ್ಟೂ ವರ್ಷ ಕಲಿಯುವವನಾಗಿಯೇ ಉಳಿದ.

ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಆಚೆ ದಡದಲ್ಲಾದರೆ ಬೈಕ್ ಕಲಿಯುವವರು ರಸ್ತೆಗಿಳಿಯುವ ಮೊದಲು ಒಂದು ದಿನದ ಮೂಲ ತರಬೇತಿ ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ನಮ್ಮಂಥ ಪುಟ್ಟ ದ್ವೀಪದವರಿಗೆ ಅದರಿಂದ ವಿನಾಯಿತಿ ಉಂಟು. ಕಲಿಕೆಯ ಲೈಸೆನ್ಸು, ಹಿಂದೆ ಮುಂದೆ ಎಲ್ ಬೋರ್ಡು, ಸಣ್ಣ ಎಂಜಿನ್ನಿನ ಗಾಡಿ, ಇಷ್ಟಿದ್ದರೆ ಆಯಿತು. ಫಾರ್ಕರನ ಹಳೆಯ ಹೋಂಡಾದ ಎಲ್ ಬೋರ್ಡು ಬಿಸಿಲು, ಉಪ್ಪುಗಾಳಿ ತಿಂದು ತಿಂದು ಎಲ್ ಅಕ್ಷರವೇ ಕಾಣದ ಬಿಳಿ ತಗಡಾಗಿತ್ತು.

ಕಲಿಯುವವರು ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು ಅನ್ನುವ ನಿಯಮ ಮಾತ್ರ ದ್ವೀಪಕ್ಕೂ ಉಂಟು. ಅದು ಫಾರ್ಕರನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮದುವೆಯಾದ ವಾರದಿಂದಲೇ ಹೆಂಡತಿ ಡೋಲಿನಾಳನ್ನು ಹಿಂದೆ ಕೂರಿಸಿಕೊಂಡು ತಿರುಗಿದ. ಕೇಳುವವರು ಯಾರು? ನಮ್ಮಲ್ಲಿ ಪೊಲೀಸರು ಇಲ್ಲ. ವರ್ಷಕ್ಕೊಮ್ಮೆ ಬಂದೂಕಿನ ಲೈಸೆನ್ಸ್ ನೋಡಲು ಆಚೆ ದಡದಿಂದ ಒಬ್ಬರು ಬರುತ್ತಾರೆ, ಬಂದವರ ದೋಣಿಗೆ ಧಕ್ಕೆಯಲ್ಲಿ ನಿಂತು ಹಗ್ಗ ಹಿಡಿಯುವವನು ಫಾರ್ಕರನೇ. ಹಗ್ಗವನ್ನು ಗೂಟಕ್ಕೆ ಸುತ್ತಿದವನೇ ಮನೆಗೆ ಫೋನ್ ಮಾಡುತ್ತಿದ್ದ. ಆ ದಿನ ಡೋಲಿನಾ ನಡೆದುಕೊಂಡು ಹೋಗುತ್ತಿದ್ದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ, “ಇವತ್ತು ನಾವು ಕಾನೂನು ಪಾಲಿಸ್ತಾ ಇದೀವಿ ಕಣ್ರಪ್ಪಾ,” ಅನ್ನುತ್ತಿದ್ದಳು.

ಅವಳು ಹಿಂದೆ ಸುಮ್ಮನೆ ಕೂರುವ ಹೆಂಗಸಲ್ಲ. ನಮ್ಮ ರಸ್ತೆ ಒಂದೇ ಗಾಡಿಯಷ್ಟು ಅಗಲ, ಹಿಂದಿನಿಂದ ಯಾರಾದರೂ ಬಂದರೆ ಅಲ್ಲಲ್ಲಿ ಮಾಡಿರುವ ಅಗಲ ಜಾಗಕ್ಕೆ ಸರಿದು ದಾರಿ ಬಿಡಬೇಕು. ಬಲಗೈಯಲ್ಲಿ ಗಂಡನ ಕೋಟು ಹಿಡಿದು, ಆಗಾಗ ಕತ್ತು ತಿರುಗಿಸಿ ನೋಡಿ, ಅವಳು ಎಡಗೈಯಿಂದ ಅವನ ಎಡ ಭುಜಕ್ಕೆ ತಟ್ಟುತ್ತಿದ್ದಳು. ಒಂದು ಸಲ ತಟ್ಟಿದರೆ ಹಿಂದೆ ಗಾಡಿ ಇದೆ ಅಂತ. ಎರಡು ಸಲ ತಟ್ಟಿದರೆ ಯಾರೂ ಇಲ್ಲ, ನೀನು ಹೋಗು ಅಂತ. ನಲವತ್ತು ವರ್ಷದಲ್ಲಿ ಫಾರ್ಕರ್ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಅದು ಅವನ ಕೆಲಸ ಅಂತ ಅವನಿಗೆ ಅನ್ನಿಸಿಯೇ ಇರಲಿಲ್ಲ.

ಈ ವರ್ಷ ಕುರಿ ಉಣ್ಣೆ ಕತ್ತರಿಸುವ ದಿನಗಳಲ್ಲಿ ಡೋಲಿನಾಗೆ ಲಕ್ವ ಹೊಡೆಯಿತು. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಜೀವ ಉಳಿಯಿತು, ಬಾಯಿಗೂ ಏನೂ ಆಗಲಿಲ್ಲ, ಎಡಗೈ ಎಡಗಾಲು ಮಾತ್ರ ಹೋದವು. ದ್ವೀಪದಲ್ಲಿ ಅವಳನ್ನು ನೋಡಿಕೊಳ್ಳುವ ನರ್ಸ್ ಇಲ್ಲವಾದ್ದರಿಂದ ಇನ್ನು ಮನೆಗೆ ಕಳಿಸುವಂತಿಲ್ಲ ಅಂದರು ಡಾಕ್ಟರು. ಆಸ್ಪತ್ರೆಯ ಪಕ್ಕದ ಆರೈಕೆಮನೆಯಲ್ಲಿ ಅವಳಿಗೆ ಕಿಟಕಿ ಇರುವ ಕೋಣೆ ಕೊಟ್ಟರು.

ಆ ಆಸ್ಪತ್ರೆಯ ಊರು ಆಚೆ ದಡದ ಬಂದರಿನಿಂದ ಇಪ್ಪತ್ತು ಮೈಲಿಗೂ ಮೇಲೆ. ದೋಣಿ ದಡ ಮುಟ್ಟುವ ಮೊದಲೇ ಬಸ್ಸು ಹೊರಟಿರುತ್ತದೆ. ಫಾರ್ಕರನಿಗೆ ಕಾರು ಬರುವುದಿಲ್ಲ. ಅವರಿವರ ಕಾರಿನಲ್ಲಿ ಕೂತು ಅವನು ಹೋಗಿಬಂದದ್ದು ಎರಡೇ ಸಲ. ಎರಡನೆಯ ಸಲ ಹೊರಡುವಾಗ, ದಿನಾ ಬರಲಿಕ್ಕಾಗುವುದಿಲ್ಲವಲ್ಲ ಅಂತ ತಡವರಿಸಿದ.

“ಬರದೆ ಇದ್ರೂ ಪರವಾಗಿಲ್ಲ ಅಂತ ನಾನು ಹೇಳ್ತೀನಿ ಅನ್ಕೊಂಡ್ಯಾ?” ಅಂದಳು ಡೋಲಿನಾ. “ಹೇಳಲ್ಲ. ಇಲ್ಲಿ ಎಲ್ಲಾರೂ ಒಳ್ಳೆಯವ್ರೇ ಮಾರಾಯ, ಆದ್ರೆ ಯಾರ ಹತ್ರಾನೂ ಜಗಳ ಆಡೋಕಾಗಲ್ಲ. ನೀನು ಬಾ. ದಿನಾ ಬಾ.”

“ಹೆಂಗ್ ಬರ್ಲಿ?”

“ಬೈಕ್ ಸತ್ತೋಯ್ತಾ?”

ಬೈಕು ಚೆನ್ನಾಗಿಯೇ ಇತ್ತು. ಆದರೆ ಆಚೆ ದಡದಲ್ಲಿ ಓಡಿಸಬೇಕೆಂದರೆ ಆ ಸರ್ಟಿಫಿಕೇಟ್ ಬೇಕು. ಹೀಗೆ ಅರವತ್ತೈದು ದಾಟಿದ ಫಾರ್ಕರ್ ಮೆಕ್‌ಫೀ, ಧಕ್ಕೆಯ ಹಗ್ಗವನ್ನು ಪಕ್ಕದ ಮನೆಯವನ ಕೈಗೆ ಕೊಟ್ಟು, ಬೈಕ್ ಓಡಿಸುವುದು ಹೇಗೆ ಅಂತ ಕಲಿಯಲು ದೋಣಿ ಹತ್ತಿದ.

ತರಬೇತಿ ಕೊಡುವವಳು ಲೊರೇನ್ ಪಟುಲ್ಲೊ. ಬಂದರಿನ ಹಳೆಯ ಮೀನಿನ ಗೋದಾಮಿನ ಹಿಂದೆ ಡಾಂಬರು ಹಾಕಿದ ಬಯಲಿನಲ್ಲಿ ಅವಳ ಶಾಲೆ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಗಾಳಿಯನ್ನೂ ಮೀರಿ ಕೇಳಿಸುವ ದನಿ. ಆ ದಿನ ಕಲಿಯಲು ಬಂದವರು ಇಬ್ಬರೇ. ಇನ್ನೊಬ್ಬ ಕೀರನ್ ಅಂತ, ಹೋಟೆಲಿನ ಅಡುಗೆಯವನು.

ಮೊದಲು ದೂರದಲ್ಲಿ ನಿಂತಿದ್ದ ಕಾರಿನ ನಂಬರು ಓದಿಸಿದಳು. ಹೆಲ್ಮೆಟ್ಟಿನ ಪಟ್ಟಿ ಹೇಗೆ ಬಿಗಿಯಬೇಕು, ಯಾವ ಕೈಗವಸು ಬೇಕು ಅಂತ ಹೇಳಿದಳು. ಆಮೇಲೆ ಶಾಲೆಯ ಬೈಕೊಂದನ್ನು ತಂದು ನಿಲ್ಲಿಸಿ, “ಇದು ಮುಂದಿನ ಬ್ರೇಕು, ಇದು ಕ್ಲಚ್ಚು,” ಅಂತ ಶುರುಮಾಡಿದಳು.

“ಇದು ನಿನ್ನೆ ಮೊನ್ನೆ ಹಾಕಿದ್ದಾ?” ಅಂದ ಫಾರ್ಕರ್.

“ಯಜಮಾನ್ರೇ, ನಿಮಗೆ ಎಲ್ಲಾ ಬರತ್ತೆ ಅಂತ ನನಗೆ ಗೊತ್ತು. ಬರೋವ್ರಿಗೆ ಕಲಿಸೋದೇ ಕಷ್ಟ,” ಅಂದಳು ಲೊರೇನ್.

ಬಯಲಿನಲ್ಲಿ ಅವನು ಸಲೀಸಾಗಿ ಓಡಿಸಿದ. ಪ್ಲಾಸ್ಟಿಕ್ ಗೂಟಗಳ ನಡುವೆ ಎಂಟರ ಆಕಾರದಲ್ಲಿ ಸುತ್ತಿದ, ಕೈ ಎತ್ತಿದ ತಕ್ಷಣ ಗಕ್ಕನೆ ನಿಲ್ಲಿಸಿದ. ಆದರೆ ಕಲಿಯುವವರ ಕಿವಿಗೆ ಸಣ್ಣ ರೇಡಿಯೋ ಸಿಕ್ಕಿಸಿ, ಲೊರೇನ್ ತನ್ನ ಬೈಕಿನಲ್ಲಿ ಹಿಂದೆ ಬರುತ್ತ ಊರ ರಸ್ತೆಗೆ ಕರೆದುಕೊಂಡು ಹೋದಾಗ ಪೇಚಾಟ ಶುರುವಾಯಿತು. ಎದುರಿಗೆ ಬಂದ ಮೊದಲ ಕಾರಿಗೇ ಫಾರ್ಕರ್ ಎಡಗೈ ಎತ್ತಿದ. ಎರಡನೆಯದಕ್ಕೂ ಎತ್ತಿದ. ಬಸ್ಸಿಗೆ ತಲೆಯನ್ನೂ ಆಡಿಸಿದ. ನಮ್ಮಲ್ಲಿ ಎದುರಿಗೆ ಬಂದವರಿಗೆ ಕೈ ಎತ್ತದೆ ಹೋದರೆ ಸಂಜೆಯೊಳಗೆ ಮನೆಗೆ ಬಂದು ಕೇಳುತ್ತಾರೆ, ಏನು ಸಿಟ್ಟು ಅಂತ.

“ಯಾರ್ರೀ ಅವ್ರು, ನಿಮ್ಮ ನೆಂಟ್ರಾ?” ಅಂತ ಕಿವಿಯಲ್ಲಿ ಲೊರೇನಳ ದನಿ.

“ಗೊತ್ತಿಲ್ಲ.”

“ಹಂಗಾದ್ರೆ ಕೈ ಹ್ಯಾಂಡಲ್ ಮೇಲಿರ್ಲಿ.”

ಕೈ ಎತ್ತುವುದನ್ನು ಅವನು ಬಲು ಕಷ್ಟದಿಂದ ಬಿಟ್ಟ. ಇನ್ನೊಂದನ್ನು ಮಾತ್ರ ಕಲಿಯಲಿಲ್ಲ. ಬಲಕ್ಕೆ ತಿರುಗುವ ಮೊದಲು ಬಲ ಭುಜದ ಮೇಲಿಂದ ಹಿಂದೆ ನೋಡಬೇಕು. ಕನ್ನಡಿಗೆ ಕಾಣದ ಗಾಡಿ ಅಲ್ಲಿರುತ್ತದೆ. ಸವಾರರು ಅದನ್ನು ಪ್ರಾಣ ಉಳಿಸುವ ನೋಟ ಅನ್ನುತ್ತಾರೆ. ಲೊರೇನ್ ಕಿವಿಯಲ್ಲಿ “ನೋಡಿ, ನೋಡಿ” ಅಂತ ಬಡಕೊಂಡಳು. ಫಾರ್ಕರ್ ಕನ್ನಡಿ ನೋಡಿದ, ಕೈ ತೋರಿಸಿದ, ಕತ್ತು ತಿರುಗಿಸದೆ ತಿರುಗಿಬಿಟ್ಟ. ಒಂದು ತಿರುವಿನಲ್ಲಿ ವ್ಯಾನೊಂದು ಹಾರ್ನ್ ಒತ್ತಿಕೊಂಡು ಅವನ ಮೊಣಕೈ ಸವರಿ ಹೋಯಿತು.

ಸಂಜೆ ಕೀರನ್ ಸರ್ಟಿಫಿಕೇಟ್ ಮಡಿಸಿ ಜೇಬಿಗಿಟ್ಟುಕೊಂಡು ಹೊರಟ. ಫಾರ್ಕರನಿಗೆ ಸಿಗಲಿಲ್ಲ.

“ಇದ್ರಲ್ಲಿ ಫೇಲು ಅಂತೇನಿಲ್ಲ ಯಜಮಾನ್ರೇ. ಇನ್ನೊಂದಿನ ಬನ್ನಿ,” ಅಂದಳು ಲೊರೇನ್.

ಅವನು ಇನ್ನೊಂದು ದಿನ ಬಂದ. ಅದೇ ಕಥೆಯಾಯಿತು. ಬಯಲಿನಲ್ಲಿ ಹೇಳಿದಾಗ ತಿರುಗಿ ನೋಡುತ್ತಿದ್ದ, ರಸ್ತೆಗೆ ಇಳಿದರೆ ಕತ್ತು ಮರಗಟ್ಟಿದ ಹಾಗಾಗುತ್ತಿತ್ತು. ಅಂದು ಲೊರೇನ್ ಅವನನ್ನು ಗೋದಾಮಿನ ಗೋಡೆಗೆ ಆನಿಸಿದ್ದ ಬೆಂಚಿನ ಮೇಲೆ ಕೂರಿಸಿ, ಕೈಗೆ ಚಹಾ ಕೊಟ್ಟು ನೇರವಾಗಿ ಕೇಳಿದಳು.

“ಕತ್ತು ನೋವಾ?”

“ಇಲ್ಲಮ್ಮ.”

“ಮತ್ತೆ? ಬಯಲಲ್ಲಿ ನೋಡ್ತೀರಿ, ರಸ್ತೇಲಿ ನೋಡಲ್ಲ. ನನ್ನ ಮೇಲೆ ಹಟಾನಾ?”

ಫಾರ್ಕರ್ ಮನಸ್ಸಿನದನ್ನು ಹೊರಗೆ ಹಾಕುವ ಜಾತಿಯಲ್ಲ. ಆದರೆ ಈ ಹೆಂಗಸು ಕೈಯಲ್ಲಿ ಸರ್ಟಿಫಿಕೇಟಿನ ಕಾಗದ ಹಿಡಿದು ಕೂತಿದ್ದಳು, ಅದಿಲ್ಲದೆ ಡೋಲಿನಾ ಇರುವಲ್ಲಿಗೆ ದಾರಿಯಿರಲಿಲ್ಲ.

“ಹಿಂದೆ ನೋಡೋದು ನಮ್ಮವಳ ಕೆಲ್ಸ,” ಅಂದ. ತಟ್ಟುವ ವಿಷಯವನ್ನೆಲ್ಲ ಹೇಳಿದ.

ಲೊರೇನ್ ಬಾಯಿ ತೆರೆದುಕೊಂಡೇ ಕೇಳಿದಳು. “ಎಲ್ ಬೋರ್ಡ್ ಹಾಕ್ಕೊಂಡು ನಲವತ್ತು ವರ್ಷ ಹೆಂಡ್ತೀನ ಹಿಂದೆ ಕೂರಿಸ್ಕೊಂಡು ಓಡಿಸಿದ್ರಾ?”

“ನಾನೆಲ್ಲಿ ಓಡಿಸ್ದೆ? ಓಡಿಸಿದ್ದು ಅವ್ಳು. ನಾನು ಹ್ಯಾಂಡಲ್ ಹಿಡ್ಕೊಂಡಿದ್ದೆ ಅಷ್ಟೆ.”

ಲೊರೇನಳಿಗೆ ನಗು ಬಂತು, ಅವನ ಮುಖ ನೋಡಿ ನಿಂತಿತು.

“ತಿರುಗಿ ನೋಡಿದ್ರೆ ಸೀಟು ಖಾಲಿ ಇರತ್ತಲ್ಲಮ್ಮ,” ಅಂದ ಫಾರ್ಕರ್. “ನೋಡ್ದೇ ಇದ್ರೆ, ಅವ್ಳು ಇನ್ನೂ ತಟ್ಟಿಲ್ಲ, ಈಗ ತಟ್ತಾಳೆ ಅನ್ಸತ್ತೆ. ಹುಚ್ಚು ಅಂತ ಬೇಕಾದ್ರೆ ಅನ್ನು.”

ಲೊರೇನಳ ಕೆಲಸದಲ್ಲಿ ಕನಿಕರಕ್ಕೆ ಜಾಗ ಕಡಿಮೆ. ಕನಿಕರದಿಂದ ಕೊಟ್ಟ ಕಾಗದ ಇಟ್ಟುಕೊಂಡು ಯಾರಾದರೂ ಲಾರಿ ಕೆಳಗೆ ಹೋದರೆ ರಾತ್ರಿ ನಿದ್ದೆ ಬರದವಳು ಅವಳು.

“ಹುಚ್ಚು ಅಂತ ಅನ್ನಲ್ಲ,” ಅಂದಳು. “ಆದ್ರೆ ಕಾಗ್ದಾನೂ ಕೊಡಲ್ಲ. ನೀವು ಸತ್ರೆ ಅವ್ರನ್ನ ನೋಡೋಕೆ ಯಾರು ಹೋಗ್ತಾರೆ? ನಾನಾ?”

ಮಾತು ಒರಟಾಗಿತ್ತು. ಫಾರ್ಕರನಿಗೆ ಅದು ಡೋಲಿನಾ ಆಡುವ ಮಾತಿನ ಹಾಗೇ ಕೇಳಿಸಿತು. ಅವನು ಚಹಾ ಮುಗಿಸಿ, ಲೋಟ ತೊಳೆದಿಟ್ಟು, “ಬೆಳಕಿದೆ. ಇನ್ನೊಂದ್ ಸುತ್ತು ಹೋಗೋಣ,” ಅಂದ.

ಹೋದರು. ಊರು ದಾಟಿ ಕೆರೆಯ ಪಕ್ಕದ ರಸ್ತೆ ಹಿಡಿದರು. ಆಸ್ಪತ್ರೆಯ ಊರಿಗೆ ಹೋಗುವ ರಸ್ತೆ ಅಲ್ಲಿ ಬಲಕ್ಕೆ ಒಡೆಯುತ್ತದೆ. ಇನ್ನೇನು ಕಿರುಚಬೇಕು ಅಂತ ಲೊರೇನ್ ಬಾಯಿ ತೆರೆದಿದ್ದಳು. ಫಾರ್ಕರ್ ಕನ್ನಡಿ ನೋಡಿ, ಕೈ ತೋರಿಸಿ, ಬಲ ಭುಜದ ಮೇಲಿಂದ ಹಿಂದೆ ನೋಡಿದ. ಸೀಟು ಖಾಲಿ ಇತ್ತು. ಸೀಟಿನಾಚೆ ಲೊರೇನಳ ಬೈಕು, ಅದನ್ನೂ ಹಿಂದೆ ಹಾಕಿ ಮುನ್ನುಗ್ಗುತ್ತಿದ್ದ ಹಾಲಿನ ಲಾರಿ. ಕನ್ನಡಿಯಲ್ಲಿ ಅದು ಕಂಡೇ ಇರಲಿಲ್ಲ. ಅವನು ವೇಗ ತಗ್ಗಿಸಿ ಲಾರಿಗೆ ದಾರಿ ಬಿಟ್ಟ, ಮತ್ತೆ ಹಿಂದೆ ನೋಡಿದ, ಆಮೇಲೆ ತಿರುಗಿದ. ಅಷ್ಟರಲ್ಲಿ ಅವನ ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಬ್ಬಾಗಿತ್ತು. ನಮ್ಮ ಫಾರ್ಕರ್ ಅಳುತ್ತಿದ್ದ.

“ಗಾಜು ಸ್ವಲ್ಪ ಎತ್ಕೊಳ್ಳಿ ಯಜಮಾನ್ರೇ, ಗಾಳಿ ಆಡ್ಲಿ,” ಅಂತ ಕಿವಿಯಲ್ಲಿ ಲೊರೇನ್ ಮೆಲ್ಲಗೆ ಹೇಳಿದಳು. ಸಂಜೆ ದೋಣಿ ಹತ್ತುವ ಮೊದಲು ಅವನಿಗೆ ಸರ್ಟಿಫಿಕೇಟ್ ಸಿಕ್ಕಿತು, ಜೊತೆಗೆ ಹೊಸ ಎಲ್ ಬೋರ್ಡುಗಳು. ಹಳೆಯ ತಗಡುಗಳನ್ನು ಸಮುದ್ರಕ್ಕೆ ಎಸೆಯಿರಿ ಅಂದಳು. ಅವನು ಎಸೆಯಲಿಲ್ಲ, ಒಂದರಿಂದ ಕೋಳಿಗೂಡಿನ ತೂತು ಮುಚ್ಚಿದ.

ಮಾರನೆಯ ದಿನ ಹೋಂಡಾ ಮೊದಲ ಸಲ ದೋಣಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಫಾರ್ಕರ್ ಆರೈಕೆಮನೆಯ ಕಿಟಕಿಯ ಪಕ್ಕ, ಡೋಲಿನಾಳ ಮಂಚದ ಮುಂದೆ ಕೂತಿದ್ದ. ತಾನೇ ಸುಟ್ಟ ಓಟ್ಸ್ ರೊಟ್ಟಿ ಕಟ್ಟಿಕೊಂಡು ಹೋಗಿದ್ದ. ಅವಳು ಒಂದು ತುಂಡು ಬಾಯಿಗಿಟ್ಟು, “ಇದನ್ನ ಚಕ್ರಕ್ಕೆ ಹಾಕಿದ್ರೆ ಬಾಳಿಕೆ ಬರ್ತಿತ್ತು,” ಅಂದಳು. ಆಮೇಲೆ ಹೆಲ್ಮೆಟ್ಟಿನ ಕಡೆ ನೋಡಿ ಕೇಳಿದಳು, “ಒಬ್ನೇ ಬಂದ್ಯಲ್ಲ, ಹಿಂದೆ ನೋಡ್ಕೊಂಡು ಬಂದ್ಯಾ?”

“ನೋಡ್ದೆ.”

“ಏನಿತ್ತು?”

ಫಾರ್ಕರನಿಗೆ ನಿಜ ಹೇಳಬೇಕೋ ಬೇಡವೋ ತಿಳಿಯಲಿಲ್ಲ. “ನಿನ್ನೆ ಹಾಲಿನ ಲಾರಿ, ಇವತ್ತು ಮೀನಿನ ಲಾರಿ,” ಅಂದ. “ನೀನಿರ್ಲಿಲ್ಲ,” ಅಂತಲೂ ಅಂದ.

“ನಾನಿಲ್ಲಿದ್ದೆ ಮಾರಾಯ,” ಅಂದಳು ಡೋಲಿನಾ. “ಅಲ್ಲಿ ಹುಡುಕಿದ್ರೆ ಸಿಕ್ತೀನಾ?”

ಆಮೇಲೆ ಇಬ್ಬರೂ ಕುರಿಗಳ ಬಗ್ಗೆ ಜಗಳವಾಡಿದರು. ಯಾವ ಟಗರನ್ನು ಮಾರಬೇಕು ಅನ್ನುವುದು ಜಗಳದ ವಿಷಯ. ಡೋಲಿನಾ ಗೆದ್ದಳು. ದೋಣಿಯ ಹೊತ್ತಾಯಿತು. ಫಾರ್ಕರ್ ಮಂಚದ ಅಂಚಿಗೆ ಬಂದು, ಅವಳಿಗೆ ಬೆನ್ನು ಮಾಡಿ ಕೂತು, ಬಗ್ಗಿ ಬೂಟಿನ ದಾರ ಬಿಗಿಯತೊಡಗಿದ.

ಅವಳ ಎಡಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವಳು ಬಲಗೈಯನ್ನು ಚಾಚಿ, ಕಷ್ಟಪಟ್ಟು ಮುಂದೆ ವಾಲಿ, ಅವನ ಬಲ ಭುಜಕ್ಕೆ ತಟ್ಟಿದಳು. ಎರಡು ಸಲ.

ಫಾರ್ಕರ್ ಎದ್ದು ಹೆಲ್ಮೆಟ್ ತೆಗೆದುಕೊಂಡ. ಬಾಗಿಲ ತನಕ ಹೋಗಿ, ಅಲ್ಲಿ ನಿಂತು, ಬಲ ಭುಜದ ಮೇಲಿಂದ ಹಿಂದೆ ನೋಡಿದ. ಅವಳು ಅಲ್ಲೇ ಇದ್ದಳು, ಹೋಗು ಹೋಗು ಅಂತ ಕೈ ಬೀಸುತ್ತಿದ್ದಳು.