ಮೊಯೆಲಂಗಿ ಅತ್ತೆ ಹಳೆಯ ಸಿಸ್ಟಮ್ ಹಾಕಿಸಿದ್ದು

ಹೊಸ ಕಂಪ್ಯೂಟರ್ ಬಂದ ಮೂರನೆಯ ದಿನ ಮೊಯೆಲಂಗಿ ಅತ್ತೆ ಅದರ ಮುಚ್ಚಳವನ್ನು ಪಟ್ಟನೆ ಮುಚ್ಚಿ, ಮೇಲೊಂದು ಚಾಪೆ ಹೊದಿಸಿ ನನ್ನನ್ನು ಕೂಗಿದಳು.

"ಬಾರೇ ಇಲ್ಲಿ! ಇದು ನನ್ನ ಫೈಲನ್ನ ಎಲ್ಲಿಗೋ ಕಳಿಸಿದೆಯಂತೆ. ತಾನೇ ಬಾಯಿಬಿಟ್ಟಿದೆ."

ಅದನ್ನು ಕೊಡಿಸಿದ್ದು ಆಕ್ಲೆಂಡಿನಲ್ಲಿದ್ದ ನಮ್ಮಪ್ಪ, ಅತ್ತೆಯ ತಮ್ಮ. ಕೂಡಲೇ ಫೋನು ಮಾಡಿದೆವು.

"ಗಾಬರಿ ಆಗ್ಬೇಡ ಅಕ್ಕಾ. ಅದಕ್ಕೆ ಕ್ಲೌಡ್ ಅಂತಾರೆ. ಮೋಡದಲ್ಲಿ ಜೋಪಾನವಾಗಿರುತ್ತೆ."

"ಯಾರ ಮೋಡ?"

ಅಪ್ಪ ಮಾತು ಬದಲಿಸಿ ಊರಿನ ಮಳೆಯ ಸುದ್ದಿ ಕೇಳಿದ.

ಹೋಗಿದ್ದದ್ದು ಚರ್ಚಿನ ಮಹಿಳಾ ಸಮಿತಿಯ ಚಾಪೆಗಳ ಪಟ್ಟಿ, ಅಷ್ಟೇ. ಆದರೆ ಅತ್ತೆ ಹೆದರಿದ್ದು ಬೇರೆಯದಕ್ಕೆ. ಸವಾಯಿ ದ್ವೀಪದ ನಮ್ಮ ಮನೆಗಳಿಗೆ ಗೋಡೆಯಿಲ್ಲ. ಯಾರು ಉಂಡರು, ಯಾರು ಅತ್ತರು ಎಲ್ಲವೂ ಬೀದಿಗೆ ಕಾಣುತ್ತದೆ. ಮುಚ್ಚಿಡುವುದು ವಂಶಾವಳಿಯೊಂದನ್ನೇ. ಭೂಮಿ, ಮನೆತನದ ಯಜಮಾನ ಪದವಿ ಎಲ್ಲ ನಿಂತಿರುವುದು ಅದರ ಮೇಲೆ. ಅತ್ತೆಯ ದೊಡ್ಡಪ್ಪ ತವಿತಾ ಸಾಯುವ ಮೊದಲು ಹನ್ನೊಂದು ತಲೆಮಾರುಗಳನ್ನು ತನ್ನ ಕೈಬರಹದ ಪುಸ್ತಕ ನೋಡಿ ಅವಳಿಗೆ ಬರೆಸಿದ್ದ, ಆ ಪುಸ್ತಕ ಅವಳ ಪೆಟ್ಟಿಗೆ ಸೇರಿತ್ತು. ಅದನ್ನೆಲ್ಲ ಅವಳು ಹಳೆಯ ಕಂಪ್ಯೂಟರಿನಲ್ಲಿ, ಈಗ ಎಲ್ಲೂ ಸಿಗದ ಒಂದು ಪ್ರೋಗ್ರಾಮಿನಲ್ಲಿ ತುಂಬಿದ್ದಳು. ಆ ಕಂಪ್ಯೂಟರನ್ನು ಇರುವೆ ತಿಂದು ಮುಗಿಸಿದ ಮೇಲೆ ಅವಳು ತುಂಬಿದ್ದ ವಂಶಾವಳಿ ಉಳಿದದ್ದು ಒಂದು ಪೆನ್ ಡ್ರೈವಿನಲ್ಲಿ. ಅದು ದಾರಕ್ಕೆ ಪೋಣಿಸಿಕೊಂಡು ಅವಳ ಕುತ್ತಿಗೆಯಲ್ಲೇ ಇರುತ್ತಿತ್ತು, ಸ್ನಾನಕ್ಕೆ ಹೋದಾಗಲೂ. ತವಿತಾ ತೀರಿಕೊಂಡ ಮೇಲೆ ಅವನ ಪದವಿ ಖಾಲಿ ಬಿದ್ದಿತ್ತು. ಮನೆತನದ ಇನ್ನೊಂದು ಕವಲಿನವರೂ ಅದರ ಮೇಲೆ ಕಣ್ಣಿಟ್ಟಿದ್ದರು.

ಹೊಸ ಸಿಸ್ಟಮ್‌ನಲ್ಲಿ ಆ ಪ್ರೋಗ್ರಾಮ್ ತೆರೆಯುತ್ತಲೇ ಇರಲಿಲ್ಲ. ಅದನ್ನು ಕಿತ್ತು ಹಳೆಯದನ್ನೇ ಹಾಕಿಸಬೇಕು ಎಂದು ಅತ್ತೆ ತೀರ್ಮಾನಿಸಿದಳು. ಆ ಕೆಲಸ ಬಲ್ಲವನು ದ್ವೀಪದಲ್ಲಿ ಒಬ್ಬನೇ, ಸಲೆಲೊಲೊಂಗದ ಯಾಕೊಪೊ. ಅವನ ಹೆಂಡತಿ ಆ ಇನ್ನೊಂದು ಕವಲಿನವಳು.

"ಬೆಕ್ಕಿನ ಕೈಲಿ ಮೀನು ಕಾಯಿಸು ಅಂತೀಯಾ?" ಎಂದು ನನ್ನ ಮೇಲೆ ಹರಿಹಾಯ್ದಳು. ಆದರೂ ಬೇರೆ ದಾರಿಯಿರಲಿಲ್ಲ.

ಯಾಕೊಪೊ ನಲವತ್ತೈದರ ಆಸುಪಾಸಿನ, ದಪ್ಪ ಕನ್ನಡಕದ ಮನುಷ್ಯ. ಮೊದಲು ಬೇಡವೆಂದೇ ಹೇಳಿದ. "ಹಳೇದಕ್ಕೆ ಈಗ ಯಾರೂ ಕಾವಲಿಲ್ಲ ಅಮ್ಮಾ. ನೆಟ್ಟಿಗೆ ಹಾಕಿದ್ರೆ ವೈರಸ್ ಹತ್ತುತ್ತೆ."

"ಯಾಕಪ್ಪಾ ಇಷ್ಟು ಬೇಡಬೇಡ ಅಂತೀಯ? ಹೊಸದೇ ಇದ್ರೆ ನಿನಗೇನು ಲಾಭ?"

ಅವನು ನಕ್ಕ. ಆ ನಗುವೂ ಅತ್ತೆಗೆ ಸರಿ ಕಾಣಲಿಲ್ಲ.

ಕೆಲಸ ನಮ್ಮ ಮನೆಯಲ್ಲೇ ಆಗಬೇಕು, ಅದೂ ಅವಳ ಕಣ್ಣೆದುರಿಗೆ ಎಂದು ಕರಾರಾಯಿತು. ಶನಿವಾರ ಬೆಳಿಗ್ಗೆ ಅವನು ಬಂದಾಗ ಅತ್ತೆ ಖಾಲಿ ಬಿಸ್ಕತ್ತಿನ ಡಬ್ಬ ಮುಂದೆ ಹಿಡಿದಳು. "ಫೋನು ಇದರೊಳಗೆ ಹಾಕು."

"ಚಪ್ಪಲಿನೂ ಹಾಕ್ಲಾ?"

"ಅದರಲ್ಲಿ ಕ್ಯಾಮೆರಾ ಇದ್ರೆ ಹಾಕು."

ಕಂಪ್ಯೂಟರ್ ಸುಲಭಕ್ಕೆ ಜಗ್ಗಲಿಲ್ಲ. ಹಳೆಯ ಸಿಸ್ಟಮ್ಮನ್ನು ನಂಬಬೇಡಿ ಎಂದು ತೆರೆಯ ಮೇಲೆ ಎಚ್ಚರಿಕೆ ತೋರಿಸಿ ಎರಡು ಸಲ ನಿಂತುಬಿಟ್ಟಿತು. ಯಾಕೊಪೊ ಒಳಗಿನ ಯಾವುದೋ ಬೀಗ ತೆಗೆದ. ಅವನು ಒಂದೊಂದು ಗುಂಡಿ ಒತ್ತಿದಾಗಲೂ ಅತ್ತೆ "ಇದ್ಯಾಕೆ? ಅದ್ಯಾಕೆ?" ಎಂದು ಕೇಳಿದಳು, ಅವನು ತಾಳ್ಮೆಯಿಂದ ಹೇಳಿದ. ಮಧ್ಯಾಹ್ನಕ್ಕೆ ಹಳೆಯ ನೀಲಿ ತೆರೆ ಮೂಡಿತು. ವೈಫೈ ಮಾತ್ರ ಹಿಡಿಯಲಿಲ್ಲ.

"ಹೊಸ ಯಂತ್ರ, ಹಳೇ ಸಿಸ್ಟಮ್ಮಿಗೆ ಇದರ ಗುರುತು ಹತ್ತಲ್ಲ. ಸರಿ ಮಾಡೋಕೆ ನೋಡ್ಲಾ?"

"ಮುಟ್ಟಬೇಡ! ಬಾಗಿಲು ಮುಚ್ಚಿದ್ದು ಒಳ್ಳೇದೇ ಆಯ್ತು."

ಅವನಿಗೆ ಬೆನ್ನು ತಿರುಗಿಸಿ ಕೂರಲು ಹೇಳಿ ಅತ್ತೆ ಪೆನ್ ಡ್ರೈವ್ ಚುಚ್ಚಿದಳು. ಪ್ರೋಗ್ರಾಮ್ ತೆರೆಯಿತು. ಆದರೆ ಹೆಸರುಗಳಲ್ಲಿ ದೀರ್ಘ ಸ್ವರ ತೋರಿಸಲು ಅಕ್ಷರದ ಮೇಲೆ ಗೆರೆಯಿದ್ದ ಕಡೆಯೆಲ್ಲ ಖಾಲಿ ಚೌಕಗಳು. ಯಾವುದು ತಾತ, ಯಾವುದು ಮೊಮ್ಮಗ ಎಂದು ತಿಳಿಯದ ಸ್ಥಿತಿ. ಅವನೇ ನೋಡದೆ ಸರಿಯಾಗುವಂತಿರಲಿಲ್ಲ. ಅತ್ತೆ ಬಹಳ ಹೊತ್ತು ಹುಡುಕಿ, ಪದವಿಗೂ ಜಗಳಕ್ಕೂ ಸಂಬಂಧವಿಲ್ಲದ ಒಂದು ಪುಟ ತೆಗೆದು, "ಇದೊಂದೇ ನೋಡು" ಎಂದಳು.

ಅವನು ಅಕ್ಷರಗಳನ್ನು ಸರಿಪಡಿಸಿದ. ಚೌಕಗಳು ಹೋಗಿ ಹೆಸರುಗಳು ಬಂದವು. ಅವನ ಕೈ ಅಲ್ಲೇ ನಿಂತಿತು.

"ಏನು ಓದ್ತಾ ಇದೀಯ?"

"ಲಿತಿಯಾ. ಫಲೆಆಲುಪೊದಲ್ಲಿ ಮಿಷನ್ ಆಸ್ಪತ್ರೆ ಅಡುಗೆ ಮಾಡ್ತಿದ್ದೋಳು ಅಂತಿದೆ." ಅವನ ದನಿ ಇಳಿದಿತ್ತು. "ಅವಳು ನಮ್ಮಮ್ಮನ ಅಜ್ಜಿ, ಅಮ್ಮಾ. ಅವಳ ಹೆಸರು, ಕೆಲಸ ಇಷ್ಟೇ ನಮಗೆ ಗೊತ್ತಿದ್ದಿದ್ದು, ಯಾವ ಮನೆತನ ಅಂತ ಗೊತ್ತಿರ್ಲಿಲ್ಲ. ಇಲ್ಲಿ ಮಕ್ಕಳಿಲ್ಲ ಅಂತ ಬರೆದಿದೆ. ನಾನು ಇದೀನಲ್ಲ."

ಯಾಕೊಪೊನ ತಾಯಿಯ ಕಡೆಯವರನ್ನು ಊರವರು ಅಲೆ ತಂದು ಹಾಕಿದವರು ಎಂದು ಹಂಗಿಸುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಬೇರು ಗೊತ್ತಿಲ್ಲದವರಿಗೆ ಸಭೆಯಲ್ಲಿ ಕೂರಲೂ ಜಾಗವಿರಲಿಲ್ಲ. ಅತ್ತೆ ಕಂಪ್ಯೂಟರ್ ಮುಚ್ಚಿ ಫೋನಿನ ಡಬ್ಬವನ್ನು ಅವನ ಮುಂದಿಟ್ಟಳು. ಕುಡಿಯಲು ಕೋಕೋ ಕೂಡ ಕೊಡದೆ ಕಳಿಸಿದಳು.

"ನಾಟಕ ಕಣೇ," ಎಂದಳು ಆಮೇಲೆ. "ಹೆಂಡತಿ ಕಡೆಯವರು ಹೇಳಿಕೊಟ್ಟಿದಾರೆ. ಈಗ ಹೋಗಿ ಊರೆಲ್ಲ ಹೇಳ್ತಾನೆ ನೋಡು."

ಅವನು ಹೇಳಲಿಲ್ಲ. ಮೂರು ವಾರ ಅತ್ತೆ ನನ್ನನ್ನು ಪೇಟೆಗೆ, ಚರ್ಚಿಗೆ, ದೋಣಿಕಟ್ಟೆಗೆ ಕಳಿಸಿ ಸುದ್ದಿ ತೆಗೆಸಿದಳು. ಎಲ್ಲೂ ಒಂದು ಮಾತಿಲ್ಲ. ಅವನ ಹೆಂಡತಿಗೂ ತಿಳಿದಿರಲಿಲ್ಲ. ಆಗ ಅತ್ತೆಯ ಗುಮಾನಿ ದಿಕ್ಕು ಬದಲಿಸಿತು. ಪೆಟ್ಟಿಗೆಯ ತಳದಿಂದ ತವಿತಾನ ಕೈಬರಹದ ಪುಸ್ತಕ ತೆಗೆದು ಬೆಳಕಿಗೆ ಹಿಡಿದಳು. ಲಿತಿಯಾಳ ಹೆಸರಿನ ಕೆಳಗೆ ಒಂದು ಸಾಲನ್ನು ಬ್ಲೇಡಿನಿಂದ ಹೆರೆದು, ಬೇರೆ ಶಾಯಿಯಲ್ಲಿ 'ಮಕ್ಕಳಿಲ್ಲ' ಎಂದು ಬರೆದಿತ್ತು.

"ದೊಡ್ಡಪ್ಪಾ..." ಎಂದು ಹೆರೆದ ಜಾಗವನ್ನು ಬೆರಳಿನಿಂದ ಸವರಿದಳು.

ಮರುದಿನ ನಾವಿಬ್ಬರೂ ಬಸ್ಸು ಹಿಡಿದು ಸಫೊಟುವಿಗೆ ಹೋದೆವು. ಅಲ್ಲಿ ತೊಂಬತ್ತು ದಾಟಿದ ಸೆಲೆಪಾ ಎಂಬ ದೂರದ ಬಂಧು ಇದ್ದಳು. "ಲಿತಿಯಾಗೆ ಮಗಳಿದ್ಲು ಕಣಮ್ಮ," ಎಂದಳು ಮುದುಕಿ. "ಮದುವೆ ಆಗದೆ ಹುಟ್ಟಿದ್ದು. ಮರ್ಯಾದೆಗೆ ಅಂಜಿ ಬೇರೆಯವರಿಗೆ ಕೊಟ್ಟುಬಿಟ್ರು. ತವಿತಾಗೆ ಚೆನ್ನಾಗಿ ಗೊತ್ತಿತ್ತು."

ಅತ್ತೆ ಮನೆಗೆ ಬಂದು 'ಮಕ್ಕಳಿಲ್ಲ' ಎಂಬುದನ್ನು ಅಳಿಸಿ ಮೂರು ತಲೆಮಾರು ಸೇರಿಸಿದಳು. ಮನೆತನದ ಸಭೆಯಲ್ಲಿ ತನ್ನ ಬಾಯಿಂದಲೇ ಅದನ್ನು ಓದಿದಳು. ತವಿತಾನ ಪುಸ್ತಕವನ್ನೇ ಸುಳ್ಳು ಮಾಡಿ ನಮ್ಮ ಹಕ್ಕನ್ನು ಸಡಿಲಿಸಿದಳೆಂದು ನಮ್ಮ ಕಡೆಯವರೇ ಗೊಣಗಿದರು. ಪದವಿಯನ್ನು ಕೊನೆಗೆ ಎರಡೂ ಕವಲಿಗೆ ಹಂಚಿದರು. ಯಾಕೊಪೊಗೆ ಸಭೆಯಲ್ಲಿ, ಮನೆತನದವರು ಒರಗಿ ಕೂರುವ ಒಂದು ಕಂಬದ ಬಳಿ ಜಾಗ ಸಿಕ್ಕಿತು.

ಆ ಭಾನುವಾರ ಅವನ ತಾಯಿ ಟಾರೋ ಗೆಡ್ಡೆ ಹೊರಿಸಿಕೊಂಡು ಬಂದಳು. ತನ್ನವರ ಹೆಸರು ಕೇಳಬೇಕು ಎಂದಳು. ಅತ್ತೆ ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ದೂರ ಕಳಿಸಿ, ಕಂಪ್ಯೂಟರ್ ತೆರೆದು ಲಿತಿಯಾಳಿಂದ ಯಾಕೊಪೊನವರೆಗೆ ಓದಿದಳು. ಆ ತಾಯಿ ಇನ್ನೊಂದು ಸಲ ಓದಿಸಿಕೊಂಡಳು. ಕಣ್ಣೊರೆಸಿಕೊಂಡು, ಅತ್ತೆಯ ಕೈಯನ್ನು ಹಣೆಗೆ ಒತ್ತಿಕೊಂಡು ಹೋದಳು.

ಅವಳು ರಸ್ತೆಯ ತಿರುವು ದಾಟುವವರೆಗೆ ಅತ್ತೆ ನೋಡುತ್ತ ನಿಂತಿದ್ದಳು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು:

"ಅವಳು ಎರಡನೇ ಸಲ ಓದಿಸಿದ್ದು ಯಾಕೆ ಅಂತೀಯ?"