ಬ್ಯಾಂಡೇಜ್ ದೆವ್ವದ ಕುಂಟು

ಟಿಕೆಟ್ ಕೊಂಡು ಹೆದರಿಕೊಳ್ಳುವ ಭೂತಬಂಗಲೆಯಲ್ಲಿ ಉದ್ದಣ್ಣ ಮೀಸೆ ಚಿಗುರಿದಾಗಿನಿಂದ ಬ್ಯಾಂಡೇಜ್ ದೆವ್ವ. ಮೈಗೆಲ್ಲ ಕೊಳಕು ಪಟ್ಟಿ ಸುತ್ತಿಕೊಂಡು, ಎಡಗಾಲು ಎಳೆಯುತ್ತಾ ಬರುವುದೇ ಅವನ ಹೊಟ್ಟೆಪಾಡು. ಕಾಲೆಳೆತ ನಟನೆಯಲ್ಲ. ಮಾಲೀಕರು ರಿಪೇರಿ ಮಾಡಿಸದ ಬಂಗಲೆಯ ಮುರುಕು ಮೆಟ್ಟಿಲಿನಿಂದ ಕತ್ತಲಲ್ಲಿ ಜಾರಿ ಮೊಣಕಾಲು ಹಾಳಾಗಿತ್ತು.

ಈ ವರ್ಷ ಮಾಲೀಕರಿಗೆ ಹಳೇ ದೆವ್ವಗಳಿಗೆಲ್ಲ ಹೊಸ ರೂಪ ಕೊಡುವ ಹುಕಿ ಬಂತು. "ಆದ್ರೆ ನೋಡಿದ ತಕ್ಷಣ ಯಾವ ದೆವ್ವ ಅಂತ ಗುರುತು ಸಿಗ್ಬೇಕು" ಎಂದರು. ಪಟ್ಟಿ ಹೋಗಿ ಮಿರಮಿರ ಮಿಂಚುವ ಬೆಳ್ಳಿ ಉಡುಪು ಬಂತು. ಅದರಲ್ಲಿ ಉದ್ದಣ್ಣ ಕುಂಟುತ್ತಾ ಬಂದದ್ದೇ ತಡ, ಜನ "ಅಯ್ಯಯ್ಯೋ, ಬ್ಯಾಂಡೇಜ್ ದೆವ್ವ!" ಎಂದು ಬಿದ್ದೆದ್ದು ಓಡಿದರು. ಗುರುತು ಇದ್ದದ್ದು ಕುಂಟಿನಲ್ಲಿ! ಮಾಲೀಕರು ಊರ ಗೋಡೆಗಳಿಗೆಲ್ಲ ಕುಂಟುವ ದೆವ್ವದ ಪೋಸ್ಟರ್ ಅಂಟಿಸಿದರು.

ಅದೇ ವಾರ ಉದ್ದಣ್ಣ ಮೊಣಕಾಲಿನ ಆಪರೇಷನ್‌ಗೆ ಮಾಲೀಕರ ಹತ್ತಿರ ರಜೆ ಕೇಳಿದ.

"ಕಾಲು ಸರಿಹೋದ್ರೆ ದೆವ್ವ ಕೆಟ್ಟುಹೋಗುತ್ತಲ್ಲೋ!"

"ಕುಂಟೋ ಹಾಗೆ ನಟಿಸ್ತೀನಿ ಸಾರ್."

"ನಕಲಿ ಮಾಲು ನಡೆಯಲ್ಲ. ನೋವು ತಡ್ಕೋ, ಇಲ್ಲಾಂದ್ರೆ ಕೆಲಸ ಬಿಡು."

ಮನೆಯಲ್ಲಿ ಹೆಂಡತಿ ಸಿಡಿದಳು. "ಅಷ್ಟು ಆಸೆ ಇದ್ರೆ ಆ ಮನುಷ್ಯನೇ ಕುಂಟ್ಲಿ. ನಡೀರಿ ಆಸ್ಪತ್ರೆಗೆ!"

ಗಾಯ ಮಾಗಿದ ಮೇಲೆ ಉದ್ದಣ್ಣ ನೆಟ್ಟಗೆ ನಡೆದುಕೊಂಡು ಕೆಲಸಕ್ಕೆ ಬಂದ. ಮಾಲೀಕರು ಹೌಹಾರಿದರು. "ಲೋ, ನನ್ನ ಕುಂಟು ಎಲ್ಲೋ?"

"ಅದು ನಂದಾಗಿತ್ತು ಸಾರ್, ಆಸ್ಪತ್ರೇಲಿ ಬಿಟ್ಟು ಬಂದೆ. ನಿಮಗೆ ಬೇಕೇ ಬೇಕು ಅಂದ್ರೆ, ಆ ಮೆಟ್ಟಿಲು ಇನ್ನೂ ಹಾಗೇ ಇದೆ. ಲೈಟ್ ಆರಿಸ್ತೀನಿ, ನೀವೇ ಒಂದ್ಸಲ ಇಳೀರಿ."